ಮೇಲ್ನೋಟದ ಯಜಮಾನರು

ಅವರು ಯಾರ ಮನೆಗೆ ಹೋದರೂ, ಯಾವ ಕಚೇರಿಯ ಹೊಸ್ತಿಲು ದಾಟಿದರೂ, ಎದುರಿಗಿದ್ದವರ ಮುಖ ನೋಡುವ ಮೊದಲು ಕತ್ತೆತ್ತಿ ಚಾವಣಿಯನ್ನು ನೋಡುತ್ತಿದ್ದರು. ಅದು ಸುಮ್ಮನೆ ಹಾಯಿಸಿದ ನೋಟವಲ್ಲ; ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಫ್ಯಾನಿನ ಕೊಂಡಿಯಿಂದ ಗೋಡೆಯ ಅಂಚಿಗೆ, ಪುಸ್ತಕ ಓದುವವರಂತೆ ಸಾವಕಾಶವಾಗಿ ಕಣ್ಣಾಡಿಸಿ, ಎಲ್ಲವೂ ಸರಿಯಿದೆಯೆಂದು ಮನಸ್ಸಿಗೆ ಒಪ್ಪಿಗೆಯಾದ ಮೇಲೆಯೇ ಅವರ ದೃಷ್ಟಿ ಭೂಮಿಗಿಳಿದು, ಅಷ್ಟು ಹೊತ್ತೂ ಕೈ ಚಾಚಿಕೊಂಡು ನಿಂತಿದ್ದ ಬಡಪಾಯಿಯನ್ನು ಗುರುತಿಸುತ್ತಿತ್ತು. ಹೊಸಬರು ಇದನ್ನು ಅಹಂಕಾರವೆಂದುಕೊಳ್ಳುತ್ತಿದ್ದರು. ವಯಸ್ಸಾದವರು, ಪಾಪ, ಏನೋ ಧ್ಯಾನದಲ್ಲಿರಬೇಕು ಎಂದು ಸುಮ್ಮನಾಗುತ್ತಿದ್ದರು. ನಿಜವಾಗಿ ಅವರು ಹುಡುಕುತ್ತಿದ್ದದ್ದು ತೇವದ ಕಲೆಯನ್ನು.

ಅವರ ಸಹೋದ್ಯೋಗಿಗಳು ಅವರಿಗೆ ‘ಮೇಲ್ನೋಟದ ಯಜಮಾನರು’ ಎಂದು ಹೆಸರಿಟ್ಟಿದ್ದರು. ಮೇಲ್ನೋಟವೆಂದರೆ ಆಳಕ್ಕಿಳಿಯದ ನೋಟವೆಂದು ನಾನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟವನು. ಈ ಮನುಷ್ಯನನ್ನು ಕಂಡ ಮೇಲೆ ಆ ಪದವನ್ನು ಅಷ್ಟು ಹಗುರವಾಗಿ ಬಳಸಲು ನನಗೆ ಮನಸ್ಸಾಗಲಿಲ್ಲ. ಅವರ ಹೆಂಡತಿಗೆ ಮಾತ್ರ ಈ ವಿಷಯದಲ್ಲಿ ಹಳೆಯ ದೂರೊಂದಿತ್ತು. ನಾನು ಮೊದಲ ಸಲ ಅವರ ಮನೆಗೆ ಹೋದಾಗಲೇ, ಕಾಫಿ ಲೋಟವನ್ನು ಮುಂದಿಡುತ್ತಾ ಆಕೆ ಹೇಳಿದ್ದರು: “ಹೆಣ್ಣು ನೋಡೋಕೆ ಅಂತ ಬಂದ್ರಲ್ಲ ಮೇಷ್ಟ್ರೇ, ಆವತ್ತು ಇವರು ನನ್ನ ಮುಖ ನೋಡ್ಲೇ ಇಲ್ಲ. ನಮ್ಮಪ್ಪನ ಮನೆ ತಾರಸಿ ನೋಡಿದ್ರು, ಒಪ್ಪಿಗೆ ಅಂದ್ರು. ತಾರಸಿ ಚೆನ್ನಾಗಿತ್ತು, ಹಾಗಾಗಿ ನನ್ನ ಮದುವೆ ಆಯ್ತು.” ಯಜಮಾನರು ಅದನ್ನು ಅಲ್ಲಗಳೆಯಲಿಲ್ಲ. “ಗಟ್ಟಿ ತಾರಸಿ,” ಎಂದು ಗಂಭೀರವಾಗಿ ತಲೆಯಾಡಿಸಿದರು.

ದೊಡ್ಡ ಆಸ್ಪತ್ರೆಯೊಂದರಲ್ಲಿ ರೋಗವನ್ನು ಬಿಟ್ಟು ಮಿಕ್ಕದ್ದೆಲ್ಲ ಅವರದು. ನೀರು, ದೀಪ, ಲಿಫ್ಟು, ಆಮ್ಲಜನಕದ ಕೊಳವೆ, ಬಾಯ್ಲರು, ಚರಂಡಿ, ಶವಾಗಾರದ ತಂಪು, ಹೆರಿಗೆ ಕೋಣೆಯ ಬಿಸಿನೀರು, ಇವೆಲ್ಲ ಎಲ್ಲಿಂದ ಬರುತ್ತವೆಂದು ಯಾರೂ ಯೋಚಿಸದಂತೆ ನೋಡಿಕೊಳ್ಳುವುದೇ ಅವರ ವೃತ್ತಿ. ಊರಿನಲ್ಲೂ ಸುತ್ತಮುತ್ತಲೂ ಇದೇ ಕೆಲಸ ಮಾಡುವವರನ್ನೆಲ್ಲ ಕಲೆಹಾಕಿ ಅವರೊಂದು ಸಂಘ ಕಟ್ಟಿದ್ದರು: ಆಸ್ಪತ್ರೆ ಸೌಕರ್ಯ ನಿರ್ವಾಹಕರ ಸಂಘ. ಅದರ ತ್ರೈಮಾಸಿಕ ಪತ್ರಿಕೆಯ ಭಾಷೆ ತಿದ್ದಲು ಒಬ್ಬ ಕನ್ನಡ ಮೇಷ್ಟ್ರು ಬೇಕಾಗಿತ್ತು. ಹೀಗೆ, ಒಂದು ಬಲ್ಬನ್ನೂ ನೆಟ್ಟಗೆ ತಿರುಗಿಸಲು ಬಾರದ ನಾನು ಆ ಬಳಗಕ್ಕೆ ಅಂಟಿಕೊಂಡೆ.

ನಾನು ಹೋದ ಮೊದಲ ಸಭೆಯಲ್ಲೇ ಜಗಳ. ‘ನಿರ್ವಾಹಕ’ ಎಂಬ ಮಾತು ಬೇಡವೆಂದು ಸದಸ್ಯರ ಒಂದು ಪಂಗಡ ಪಟ್ಟು ಹಿಡಿದಿತ್ತು. ಬಸ್ಸಿನಲ್ಲಿ ಟಿಕೆಟ್ ಹರಿಯುವವರಿಗೂ ಅದೇ ಹೆಸರು. ನೆಂಟರ ಮುಂದೆ ಹೇಳಿಕೊಂಡರೆ ಚಿಲ್ಲರೆ ಕೇಳುತ್ತಾರೆ ಎಂಬುದು ಅವರ ಅಳಲು. ‘ವ್ಯವಸ್ಥಾಪಕ’ ಎಂದರೆ ತೂಕವಾಗಿರುತ್ತದೆಂದು ನಾನೂ ಪಂಡಿತನ ಗತ್ತಿನಲ್ಲಿ ತೀರ್ಪು ಕೊಟ್ಟೆ. ಯಜಮಾನರು ಎದ್ದು ನಿಂತರು. ಚಾವಣಿಯನ್ನೊಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿ, “ಮೇಷ್ಟ್ರೇ, ನಿರ್ವಹಿಸೋದು ಅಂದ್ರೆ ಮೂಲದಲ್ಲಿ ಹೊರೋದು ತಾನೆ?” ಎಂದರು. ಹೌದೆಂದೆ. “ಹಾಗಾದ್ರೆ ಅದೇ ಇರ್ಲಿ. ವ್ಯವಸ್ಥೆ ಸ್ಥಾಪನೆ ಮಾಡಿ, ಕಲ್ಲಲ್ಲಿ ಹೆಸರು ಕೆತ್ತಿಸಿ ಹೋಗೋರು ಬೇರೆಯವರು. ಅದು ಬೀಳದ ಹಾಗೆ ಹೊತ್ಕೊಂಡು ನಿಂತಿರೋರು ನಾವು. ಬಸ್ಸಿನವರೂ ಜನನ ಹೊತ್ಕೊಂಡೇ ಹೋಗೋರು. ನಾಚ್ಕೆ ಯಾಕೆ?” ಹೆಸರು ಉಳಿಯಿತು. ಆದರೆ ಆ ತಿಂಗಳಿಡೀ ಅವರ ಹೆಂಡತಿ ಬಾಗಿಲು ತೆರೆಯುವಾಗಲೆಲ್ಲ “ಟಿಕೆಟ್, ಟಿಕೆಟ್” ಎನ್ನುತ್ತಿದ್ದರಂತೆ.

ಅವರ ನಡಿಗೆಯೂ ವಿಚಿತ್ರ. ಆಸ್ಪತ್ರೆಯೊಳಗಿನ ಓಣಿಗಳ ನಡುವೆ ಅವರು ನಡೆದದ್ದನ್ನು ನಾನು ಕಾಣೆ. ಯಾವಾಗಲೂ ಗೋಡೆಗೆ ಒತ್ತಿಕೊಂಡು, ಎಡ ಅಂಗೈಯನ್ನು ಗೋಡೆಯ ಮೇಲೆ ಎಳೆದುಕೊಂಡು, ನಡುನಡುವೆ ಹಿಮ್ಮಡಿಯಿಂದ ನೆಲವನ್ನು ಟಕ್ಕೆಂದು ಕುಟ್ಟುತ್ತಾ ಹೋಗುವರು. ಹಾಸುಬಿಲ್ಲೆಯ ಕೆಳಗೆ ಪೊಳ್ಳಿದೆಯೇ ಎಂಬ ಪರೀಕ್ಷೆ ಅದು. ಅವರ ಜೊತೆ ಮಾತಾಡುತ್ತಾ ನಡೆಯುವುದೆಂದರೆ ಪ್ರತಿ ವಾಕ್ಯದಲ್ಲೂ ಅರ್ಧವಿರಾಮ ಬಿದ್ದಂತೆ. ಬೂದುಬಣ್ಣದ ಹಳೆಯ ಕೋಟೊಂದನ್ನು ಸದಾ ತೊಟ್ಟಿರುತ್ತಿದ್ದರು. ಅದರ ಜೇಬುಗಳಲ್ಲಿ ಸೀಮೆಸುಣ್ಣ, ಟಾರ್ಚು, ನಲ್ಲಿಯ ರಬ್ಬರು, ಮತ್ತು ಯಾವಾಗಲೋ ಅಳುವ ಮಗುವಿಗೆ ಕೊಡಲೆಂದು ಇಟ್ಟುಕೊಂಡು ಮರೆತುಬಿಟ್ಟ ಪೆಪ್ಪರಮಿಂಟು. ಕೋಟು ತೊಟ್ಟವರನ್ನು ಡಾಕ್ಟರೆಂದು ತಿಳಿದ ರೋಗಿಗಳ ಕಡೆಯವರು ಅಡ್ಡಗಟ್ಟಿ, “ಸಾರ್, ನಮ್ಮ ತಾಯಿ ಹೇಗಿದ್ದಾರೆ?” ಎಂದು ಕೇಳಿದರೆ, ನಾನಲ್ಲ ಡಾಕ್ಟರು ಎಂದು ಕೈಕೊಡವಿ ಹೋಗುವ ಜನವಲ್ಲ ಅವರು. “ಯಾವ ವಾರ್ಡು? ಅಲ್ಲಿ ಗಾಳಿ ಚೆನ್ನಾಗಿದೆ, ನೀರೂ ಇದೆ. ಮಿಕ್ಕಿದ್ದು ಡಾಕ್ಟ್ರನ್ನ ಕೇಳೋಣ ಬನ್ನಿ,” ಎಂದು ಜೊತೆಯಲ್ಲೇ ಕರೆದೊಯ್ಯುತ್ತಿದ್ದರು.

ಅವರ ಬಾಯಲ್ಲಿ ಒಂದು ಮಾತು ಅಂಟಿಕೊಂಡಿತ್ತು: ‘ಸದ್ಯಕ್ಕೆ’. ಪಂಪು ಸರಿಹೋಯಿತೇ ಎಂದರೆ, ಸರಿಯಾಗಿದೆ, ಸದ್ಯಕ್ಕೆ. ಹೇಗಿದ್ದೀರಿ ಎಂದರೆ, ಚೆನ್ನಾಗಿದ್ದೀನಿ, ಸದ್ಯಕ್ಕೆ. ಯಾವುದೂ ಶಾಶ್ವತವಾಗಿ ದುರಸ್ತಿಯಾಗುವುದಿಲ್ಲವೆಂಬ ತತ್ತ್ವವನ್ನು ವೇದಾಂತಿಗಳು ಗ್ರಂಥಗಟ್ಟಲೆ ಬರೆದು ಹೇಳಿದ್ದಾರೆ. ಇವರು ಒಂದೇ ಪದದಲ್ಲಿ ಮುಗಿಸುತ್ತಿದ್ದರು. ಮದುವೆಯಾಗಿ ಎಷ್ಟು ಕಾಲವಾಯಿತೆಂದು ಯಾರೋ ಕೇಳಿದಾಗಲೂ ಅದು ಬಾಯಿತಪ್ಪಿ ಬಂದು, ಒಂದು ವಾರ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲವೆಂದು ಸಂಘದಲ್ಲಿ ಪ್ರತೀತಿ.

ಚಾವಣಿಯ ಗುಟ್ಟನ್ನು ಒಮ್ಮೆ ಅವರೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರಿಗೆ ಹೊಟ್ಟೆಯ ಆಪರೇಷನ್ ಆಗಿ, ತಮ್ಮದೇ ಆಸ್ಪತ್ರೆಯ ಮಂಚದ ಮೇಲೆ ಅಂಗಾತ ಮಲಗಬೇಕಾಯಿತು. ಮಂಚದ ನೇರ ಮೇಲೆ, ಹರಡಿದ ಸಾಂಬಾರಿನಂಥ ಒಂದು ತೇವದ ಕಲೆ. “ಡಾಕ್ಟ್ರು ಬಂದು ಹೋದ್ರು, ನರ್ಸ್ ಬಂದು ಹೋದ್ರು, ಅಮ್ಮ ಬಂದು ಅತ್ತು ಹೋದ್ಲು. ಅದೊಂದು ಮಾತ್ರ ಹೋಗ್ಲಿಲ್ಲ. ರಾತ್ರಿ ಹಗಲು ನನ್ನೇ ನೋಡ್ತಾ ಇತ್ತು. ಆಗ ಅನ್ನಿಸ್ತು ಮೇಷ್ಟ್ರೇ, ನಾವೆಲ್ಲ ಗೋಡೆಗೆ ಬಣ್ಣ ಹೊಡೀತೀವಿ, ನೆಲ ತಿಕ್ಕಿಸ್ತೀವಿ. ಮಲಗಿದವನಿಗೆ ಕಾಣೋದು ಮೇಲಿಂದೊಂದೇ. ಅದನ್ನ ಯಾರೂ ನೋಡಿರಲ್ಲ.” ಅಂದಿನಿಂದ ಅವರು ವರ್ಷಕ್ಕೊಮ್ಮೆ ತಾವೇ ಸ್ಟ್ರೆಚರಿನ ಮೇಲೆ ಮಲಗಿ, ವಾರ್ಡ್‌ಬಾಯ್‌ನಿಂದ ಇಡೀ ಆಸ್ಪತ್ರೆಯಲ್ಲಿ ತಳ್ಳಿಸಿಕೊಂಡು, ಎಲ್ಲೆಲ್ಲಿ ದೀಪ ಕಣ್ಣಿಗೆ ಚುಚ್ಚುತ್ತದೆ, ಎಲ್ಲೆಲ್ಲಿ ಗಾಲಿ ಕುಲುಕುತ್ತದೆ ಎಂದು ಗೊಣಗುತ್ತಾ ಹೋಗುತ್ತಿದ್ದರು. ಒಮ್ಮೆ ಅವರ ಭಾವಮೈದ ಇದನ್ನು ಕಂಡು ಗಾಬರಿಯಿಂದ ಊರಿಗೆಲ್ಲ ಸುದ್ದಿ ಮುಟ್ಟಿಸಿಬಿಟ್ಟಿದ್ದ.

ಸಂಘದ ಸಭೆ ತಿಂಗಳಿಗೊಮ್ಮೆ, ನರ್ಸಿಂಗ್ ಶಾಲೆಯ ಪಾಠದ ಕೋಣೆಯಲ್ಲಿ. ಆ ಕೋಣೆ ನೆನಪಾದರೆ ಇಂದಿಗೂ ಫಿನಾಯಿಲಿನ ವಾಸನೆ ಮೂಗಿಗೆ ಬರುತ್ತದೆ, ಮನಸ್ಸು ಮೆತ್ತಗಾಗುತ್ತದೆ. ಮೂಲೆಯಲ್ಲಿ ತೂಗುಹಾಕಿದ ಅಸ್ಥಿಪಂಜರ, ಅದರ ಕೊರಳಿಗೆ ಯಾರೋ ತಗುಲಿಸಿದ ಕೊಡೆ, ದೊಡ್ಡ ಕೆಟಲಿನಲ್ಲಿ ಬರುವ ಚಹಾ. ಹಿಂದಿನ ಸಭೆಯ ನಡವಳಿಯ ವಾಚನ, ಅದರ ಮೇಲೆ ತಕರಾರು; ಯಾವುದಾದರೂ ಲಿಫ್ಟ್ ಕಂಪನಿಯವರ ಉಪನ್ಯಾಸ, ಅವರು ಹಂಚಿದ ಪೆನ್ನು ಉಪನ್ಯಾಸ ಮುಗಿಯುವುದರೊಳಗೆ ನಿಂತುಹೋಗುವುದು; ವರ್ಷಕ್ಕೊಮ್ಮೆ ಪದಾಧಿಕಾರಿಗಳ ಆಯ್ಕೆ, ಅದನ್ನು ಬಿಸಿ ಪಾತ್ರೆಯಂತೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿ ಕಡೆಗೆ ಯಜಮಾನರ ಮುಂದೆಯೇ ಇಡುವುದು. ಎಲ್ಲ ಸಂಘಗಳಲ್ಲೂ ನಡೆಯುವ ಸಂಗತಿಗಳೇ. ಆದರೆ ಚಹಾ ಬರುವುದಕ್ಕೆ ಮುಂಚೆ ಒಂದು ಕಲಾಪವಿತ್ತು. ಅದು ಬೇರೆಲ್ಲೂ ಇದ್ದದ್ದನ್ನು ನಾನು ಕೇಳಿಲ್ಲ.

ಅದರ ಹೆಸರು ‘ಬಾಯಿಬಿಡುವ ಬಾಬತ್ತು’. ಆ ತಿಂಗಳು ತನ್ನಿಂದಾದ ಒಂದು ತಪ್ಪನ್ನು ಒಬ್ಬೊಬ್ಬ ಸದಸ್ಯನೂ ಎದ್ದು ಹೇಳಬೇಕು. ಪರರ ತಪ್ಪು ಹೇಳುವಂತಿಲ್ಲ. ಯಾರೂ ಬರೆದುಕೊಳ್ಳುವಂತಿಲ್ಲ. ‘ಯಾಕೆ ಹಾಗೆ ಮಾಡಿದಿರಿ’ ಎಂದು ಕೇಳುವಂತಿಲ್ಲ. ಕೇಳಬಹುದಾದ ಪ್ರಶ್ನೆ ಒಂದೇ: ‘ಆಮೇಲೆ?’ ಹೇಳುವವನು ನಗುವ ಮೊದಲು ಕೇಳುವವರು ನಗುವಂತಿಲ್ಲ. ಒಳಗೆ ಆಡಿದ್ದು ಬಾಗಿಲು ದಾಟುವಂತಿಲ್ಲ, ಸದಸ್ಯರಲ್ಲದವರು ಒಳಗಿರುವಂತಿಲ್ಲ. ಆದ್ದರಿಂದ ಆ ಬಾಬತ್ತು ಬಂದಾಗಲೆಲ್ಲ ಲಿಫ್ಟ್ ಕಂಪನಿಯವನನ್ನೂ ನನ್ನನ್ನೂ ಹೊರಗಿನ ಓಣಿಯ ಬೆಂಚಿಗೆ ಅಟ್ಟುತ್ತಿದ್ದರು. “ಪೊಲೀಸಿನವರ ಮುಂದೆ ಕಳ್ಳ ಬಾಯಿಬಿಡ್ತಾನಲ್ಲ, ಅದೇನಾ?” ಎಂದು ನಾನು ಕೀಟಲೆ ಮಾಡಿದ್ದಕ್ಕೆ ಯಜಮಾನರು, “ಅಲ್ಲ, ಡಾಕ್ಟ್ರು ‘ಆ’ ಅನ್ನಿ ಅಂತಾರಲ್ಲ, ಅದು,” ಎಂದಿದ್ದರು. ಒಂದೇ ಕಲ್ಲಿಗೆ ಊರೆಲ್ಲ ಎಡವುವುದೇಕೆ, ಮೊದಲು ಎಡವಿದವನು ಕೂಗಿ ಹೇಳಿದರೆ ಹಿಂದೆ ಬರುವವರ ಕಾಲು ಉಳಿಯುತ್ತದೆ ಎಂಬುದು ಅವರ ವಾದ. ಸದಸ್ಯನೆಂದರೆ ಹಾಲಿ ಕೆಲಸದಲ್ಲಿರುವವನು ಮಾತ್ರ, ನಿವೃತ್ತರಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನೂ ಅವರೇ ಬರೆದಿದ್ದರು. ಇಷ್ಟು ಬಿಗಿ ಯಾಕೆಂದು ಕೇಳಿದೆ. “ಕಳ್ಕೊಳ್ಳೋಕೆ ಏನೂ ಇಲ್ಲದವನು ಬಾಯಿಬಿಟ್ರೆ ಅದು ಹರಟೆ ಮೇಷ್ಟ್ರೇ. ಕೇಳಿದವನಿಗೆ ನಾಟಲ್ಲ.”

ಹೀಗೆ ಇತರರ ಬಾಯಿ ಬಿಡಿಸಿದವರಿಗೆ ತಮ್ಮ ಬಾಯಿ ಬಿಡುವ ಪರೀಕ್ಷೆ ಬಂತು.

ವಿಷಯ ಜನರೇಟರಿನದು. ಪ್ರತಿ ವಾರ ಅದನ್ನು ಓಡಿಸಿ ನೋಡುವುದು ಎಲ್ಲ ಆಸ್ಪತ್ರೆಗಳ ಪದ್ಧತಿ. ಆದರೆ ಓಡುತ್ತಿರುವ ಜನರೇಟರಿನ ಮೇಲೆ ಆಸ್ಪತ್ರೆಯ ಹೊರೆಯನ್ನು ನಿಜವಾಗಿ ಹೊರಿಸಿದರೆ ದೀಪಗಳು ಒಂದು ಕ್ಷಣ ಮಿಣುಕುತ್ತವೆ. ಆಪರೇಷನ್ ಕೋಣೆಯ ಡಾಕ್ಟರುಗಳು ಸಿಡುಕುತ್ತಾರೆ. ಸಿಡುಕು ತಪ್ಪಿಸಲು ಯಜಮಾನರು ಸುಲಭೋಪಾಯ ಕಂಡುಕೊಂಡಿದ್ದರು: ಜನರೇಟರನ್ನು ಬರಿದೇ ಓಡಿಸುವುದು, ಸದ್ದು ಕೇಳುವುದು, ಹೊಗೆಯ ಬಣ್ಣ ನೋಡುವುದು, ನಿಲ್ಲಿಸುವುದು. ಸಂಘದಲ್ಲಿ ಇದರ ಬಗ್ಗೆ ಉಪನ್ಯಾಸವನ್ನೂ ಕೊಟ್ಟಿದ್ದರು. ಆ ಉಪನ್ಯಾಸವನ್ನು ಪತ್ರಿಕೆಗೆ ಒಪ್ಪಮಾಡಿದವನು ನಾನೇ. ಎಲ್ಲ ಆಸ್ಪತ್ರೆಗಳೂ ಸಂತೋಷದಿಂದ ಅದನ್ನೇ ಅನುಸರಿಸಿದವು.

ಆಸ್ಪತ್ರೆಗಳಿಗೆಂದೇ ಎಳೆದ ಲೈನಿನಲ್ಲಿ ವರ್ಷಗಳಿಂದ ಹೋಗದಿದ್ದ ಕರೆಂಟು ಒಂದು ಮಧ್ಯಾಹ್ನ ಹೋಯಿತು. ಜನರೇಟರು ಗಡಗಡನೆ ಎದ್ದಿತು, ಇಡೀ ಆಸ್ಪತ್ರೆಗೆ ಅದರ ಸದ್ದು ಕೇಳಿಸಿತು, ಎಲ್ಲರೂ ನಿಶ್ಚಿಂತರಾದರು. ದೀಪ ಮಾತ್ರ ಬರಲಿಲ್ಲ. ಜನರೇಟರಿನ ಕರೆಂಟನ್ನು ವಾರ್ಡುಗಳ ಕಡೆಗೆ ತಿರುಗಿಸುವ ಚೇಂಜ್‌ಓವರ್ ಸ್ವಿಚ್ಚು, ವರ್ಷಗಳಿಂದ ಯಾರೂ ಅಲುಗಾಡಿಸದೆ, ಇದ್ದಲ್ಲೇ ಕಚ್ಚಿಕೊಂಡಿತ್ತು. ತೀವ್ರ ನಿಗಾ ಘಟಕದಲ್ಲಿ ಉಸಿರಾಟದ ಯಂತ್ರಗಳು ನಿಂತವು. ನರ್ಸುಗಳು ಉಸಿರಿನ ಚೀಲಗಳನ್ನು ಕೈಯಲ್ಲೇ ಒತ್ತುತ್ತಾ, ಒಬ್ಬರು ಸೋತರೆ ಇನ್ನೊಬ್ಬರು ಒತ್ತುತ್ತಾ ನಿಂತರು. ಯಜಮಾನರು ಕೆಳಗೆ ಓಡಿ, ಮರದ ದೊಣ್ಣೆಯಿಂದ ಸ್ವಿಚ್ಚಿನ ಹಿಡಿಯನ್ನು ಬಡಿದು ಬಡಿದು ತಿರುಗಿಸುವವರೆಗೆ ಆ ಹೆಣ್ಣುಮಕ್ಕಳ ಕೈಗಳೇ ಆಸ್ಪತ್ರೆಯನ್ನು ಬದುಕಿಸಿದವು. ಯಾರಿಗೂ ಏನೂ ಆಗಲಿಲ್ಲ.

ಆಡಳಿತಾಧಿಕಾರಿ ಅವರನ್ನು ಕರೆಸಿ ಬಾಗಿಲು ಹಾಕಿಸಿದರು. “ಯಾರಿಗೂ ಏನೂ ಆಗಿಲ್ಲ ಅಂದ್ಮೇಲೆ ಏನೂ ಆಗಿಲ್ಲ. ಹೊರಗೆ ಒಂದು ಮಾತು ಹೋದ್ರೂ ನಿಮ್ಮನ್ನ ನಾನು ಉಳಿಸ್ಕೊಳ್ಳೋಕಾಗಲ್ಲ. ನಿಮ್ಮ ಸಂಘಾನೂ ಹೊರಗೇನೇ, ತಿಳ್ಕೊಳ್ಳಿ.” ಯಜಮಾನರಿಗೆ ನಿವೃತ್ತಿ ಹತ್ತಿರದಲ್ಲಿತ್ತು, ಇದ್ದ ಮನೆ ಆಸ್ಪತ್ರೆಯ ಹಿಂಬದಿಯ ವಸತಿಗೃಹ, ಸ್ವಂತದ್ದೆಂದು ಎಬ್ಬಿಸುತ್ತಿದ್ದ ಗೋಡೆಗಳು ಇನ್ನೂ ಮೊಣಕಾಲೆತ್ತರ ದಾಟಿರಲಿಲ್ಲ. ಇತ್ತ ಬಾಯಿ ಮುಚ್ಚಿಕೊಂಡರೆ, ತಮ್ಮ ಮಾತು ನಂಬಿ ಬರಿ ಸದ್ದು ಕೇಳಿ ತೃಪ್ತರಾಗಿರುವ ಅಷ್ಟೂ ಆಸ್ಪತ್ರೆಗಳಲ್ಲಿ ಅಷ್ಟೂ ಸ್ವಿಚ್ಚುಗಳು ಕಚ್ಚಿಕೊಂಡು ಕೂತಿರುತ್ತವೆ. ಆ ದಿನಗಳಲ್ಲಿ ಅವರು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರೆಂದು ಆಮೇಲೆ ಅವರ ಹೆಂಡತಿ ಹೇಳಿದರು. ಕಡೆಗೆ ಆಕೆಯೇ ಅಂದರಂತೆ: “ಹೇಳಿದ್ರೆ ಮನೆ ಹೋಗುತ್ತೆ, ಹೇಳದಿದ್ರೆ ನಿದ್ದೆ ಹೋಗುತ್ತೆ. ನಿದ್ದೆ ಬರದ ಮನೆ ಇಟ್ಕೊಂಡು ಏನ್ರೀ ಮಾಡೋಣ? ಹೇಳಿಬಿಡಿ.”

ಆ ತಿಂಗಳ ಬಾಬತ್ತಿನ ಹೊತ್ತಿಗೆ ನಾನು ಎಂದಿನಂತೆ ಬೆಂಚಿನ ಮೇಲಿದ್ದೆ. ಒಳಗಿಂದ ಎಂದೂ ಒಂದಲ್ಲ ಒಂದು ನಗು ಕೇಳಿಬರುತ್ತಿತ್ತು; ಅಂದು ಬರಲಿಲ್ಲ. ಬಾಗಿಲು ತೆರೆದದ್ದೇ ತಡ, ಸದಸ್ಯರೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಬಿದ್ದರು. ಕೆಲವರು ಓಣಿಯ ತುದಿಯಲ್ಲಿದ್ದ ಫೋನಿಗೆ ಮುಗಿಬಿದ್ದರು, ಮಿಕ್ಕವರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ತಂತಮ್ಮ ಆಸ್ಪತ್ರೆಗೆ ಓಡಿದರು. ಸುರಿದಿಟ್ಟ ಚಹಾ ಲೋಟಗಳಲ್ಲೇ ಕೆನೆಗಟ್ಟಿತು. ಎಲ್ಲರಿಗಿಂತ ಕೊನೆಗೆ ಹೊರಬಂದ ಯಜಮಾನರು ಒಂದು ಲೋಟ ಎತ್ತಿಕೊಂಡು ಆರಿದ ಚಹಾ ಕುಡಿದರು. ಏನಾಯಿತೆಂದು ಕೇಳುವ ಹಕ್ಕು ನನಗಿರಲಿಲ್ಲ, ಕೇಳಲಿಲ್ಲ.

ವಾರ ಕಳೆಯುವುದರೊಳಗೆ ಒಳಗಿನ ಮಾತು ಹೊರಗಾಗಿ ಆಡಳಿತಾಧಿಕಾರಿಯ ಕಿವಿ ಮುಟ್ಟಿತು. ಆಡಿದವರು ಯಾರೋ, ದ್ವೇಷಕ್ಕೋ ಬಾಯಿಚಪಲಕ್ಕೋ, ಇಂದಿಗೂ ನನಗೆ ಗೊತ್ತಿಲ್ಲ. ಯಜಮಾನರ ಕೆಲಸ ಹೋಯಿತು. ಸಾಮಾನುಗಳನ್ನು ಲಾರಿಗೆ ಹೇರುತ್ತಿದ್ದ ದಿನ ಸಂಘದ ಖಜಾಂಚಿ, ಬಾಯ್ಲರಿನ ಪಕ್ಕದಲ್ಲೇ ಬೆಂದು ಬೆಳೆದ ಒರಟು ಮನುಷ್ಯ, ಅಂಗಳದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದ. “ಯಾವನು ಅಂತ ಕಂಡುಹಿಡೀತೀನಿ ಸಾರ್. ಒಬ್ಬೊಬ್ಬನ್ನೂ ನಿಲ್ಲಿಸಿ ಆಣೆ ಮಾಡಿಸ್ತೀನಿ. ಸಂಘದಿಂದ ಕಿತ್ತು ಹಾಕ್ತೀನಿ.”

ಯಜಮಾನರು ಮಡಿಚಿದ ಹಾಸಿಗೆಯ ಮೇಲೆ ಕೂತಿದ್ದರು. “ಆಮೇಲೆ?” ಎಂದರು.

“ಆಮೇಲೇನು ಸಾರ್, ಬುದ್ಧಿ ಬರುತ್ತೆ ಅವನಿಗೆ.”

“ಆಮೇಲೆ?”

ಖಜಾಂಚಿ ಕೈಯಲ್ಲಿದ್ದ ಹಗ್ಗವನ್ನು ಲಾರಿಯ ಕಡೆ ಎಸೆದ.

“ಆಮೇಲೆ ಮುಂದಿನ ತಿಂಗಳು ಎಲ್ಲಾರೂ ಪಕ್ಕದವನ ಮುಖ ನೋಡ್ತಾ ಕೂರ್ತೀರಿ. ಒಬ್ಬನೂ ಬಾಯಿಬಿಡಲ್ಲ. ನನ್ನ ಕೆಲಸ ಹೋಯ್ತು, ಹೋಗ್ಲಿ ಬಿಡಪ್ಪ. ಅದೂ ಹೋದ್ರೆ ನಾನು ಹೇಳಿದ್ದು ದಂಡ ಆಗುತ್ತೆ.” ಅಷ್ಟು ಹೇಳುವಾಗ ಅವರ ದನಿ ನಡುಗಿತು. ಮನೆ ಬಿಡುವಾಗ ನಡುಗದವರು ಆ ಮಾತಿಗೆ ನಡುಗಿದ್ದನ್ನು ನಾನು ಕಣ್ಣಾರೆ ಕಂಡೆ.

ಮುಂದಿನ ಸಭೆಗೆ ಅವರನ್ನು ಗೌರವ ಅತಿಥಿಯೆಂದು ಕರೆದಿದ್ದರು. ಬಂದರು. ನಡವಳಿ ಓದಿದ್ದಾಯಿತು, ತಕರಾರೂ ಆಯಿತು. ಎಲ್ಲವೂ ಎಂದಿನಂತೆ ನಡೆಯಬೇಕೆಂದು ಎಲ್ಲರೂ ಬಲವಂತವಾಗಿ ಜಗಳವಾಡುತ್ತಿದ್ದಂತೆ ತೋರಿತು. ಬಾಬತ್ತಿನ ಸರದಿ ಬಂದಾಗ ನಾನು ಎದ್ದೆ. ಯಜಮಾನರೂ ಎದ್ದರು.

“ನೀವು ಕೂತ್ಕೊಳ್ಳಿ ಸಾರ್,” ಎಂದು ನಾಲ್ಕಾರು ಕಂಠಗಳು.

“ಸದಸ್ಯ ಅಂದ್ರೆ ಯಾರು?”

“ಹಾಲಿ ಕೆಲಸದಲ್ಲಿರೋರು ಸಾರ್. ಆದ್ರೆ ನೀವು...”

“ನಿಯಮ ಬರೆದವರು ಯಾರು?”

“ನೀವೇ ಸಾರ್.”

“ಮತ್ತೆ?” ಎಂದು ನನ್ನ ತೋಳು ಹಿಡಿದು ಹೊರಗೆ ಕರೆತಂದರು. ನಮ್ಮ ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಬೆಂಚಿನ ಮೇಲೆ ಇಬ್ಬರೂ ಕೂತೆವು. ಅವರು ಚಾವಣಿ ನೋಡಲಿಲ್ಲ, ಗೋಡೆ ಸವರಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಒಳಗೆ ಸದ್ದಿಲ್ಲ. ಓಣಿಯ ಆಚೆ ಯಾರೋ ಬಕೆಟ್ಟು ಎಳೆದರು, ಯಾವುದೋ ವಾರ್ಡಿನಲ್ಲಿ ಮಗು ಅತ್ತು ಸುಮ್ಮನಾಯಿತು. ಒಳಗೆ ಇನ್ನೂ ಸದ್ದಿಲ್ಲ. ಮನೆ ಕಳೆದುಕೊಂಡು ಗಳಿಸಿದ್ದು ಉಳಿಯಿತೋ ಇಲ್ಲವೋ ಎಂಬುದು ಆ ಬಾಗಿಲಿನ ಹಿಂದೆ ತೀರ್ಮಾನವಾಗುತ್ತಿತ್ತು. “ಹೆದರಿದ್ದಾರೆ,” ಎಂದರು ಮೆಲ್ಲಗೆ, “ಹೆದರಬೇಕಾದ್ದೇ. ನನಗಾದದ್ದನ್ನ ಕಣ್ಣಾರೆ ನೋಡಿದ್ದಾರಲ್ಲ.”

ಆಗ ಒಳಗೆ ಕುರ್ಚಿಯೊಂದು ಕಿರ್ರೆಂದು ಹಿಂದೆ ಸರಿಯಿತು. ಒಂದು ದನಿ, ತೊದಲುತ್ತಾ, ನಿಂತು, ಮತ್ತೆ ಶುರುವಾಯಿತು. ಮಾತು ತಿಳಿಯುತ್ತಿರಲಿಲ್ಲ, ತನ್ನ ತಪ್ಪು ಹೇಳಿಕೊಳ್ಳುವವನ ರಾಗ ಮಾತ್ರ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹಲವರು ಒಟ್ಟಾಗಿ ಅಂದದ್ದು ಸ್ಪಷ್ಟವಾಗಿ ಕೇಳಿಸಿತು: “ಆಮೇಲೆ?”

ಯಜಮಾನರ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲಿಲ್ಲ. ಯಾರ ದನಿಯೆಂದು ತಿಳಿಯುವ ಚಪಲದಿಂದ ನಾನು ಬಾಗಿಲ ಕಡೆ ಕಿವಿ ವಾಲಿಸಿದ್ದೆ. ಅವರು ನನ್ನ ಭುಜ ತಟ್ಟಿ ಎದ್ದರು.

“ಬನ್ನಿ ಮೇಷ್ಟ್ರೇ, ಆ ಕಡೆ ಹೋಗಿ ನಿಂತ್ಕೊಳ್ಳೋಣ. ಇಲ್ಲಿಗೆ ಕೇಳಿಸುತ್ತೆ.”

ನಿಯಮ ಮಾಡಿದವರನ್ನು ನಾನು ಬಹಳ ಕಂಡಿದ್ದೇನೆ. ಮಾಡಿ, ಅದರ ಮೇಲೊಂದು ಕುರ್ಚಿ ಹಾಕಿಕೊಂಡು ಕೂತವರೇ ಹೆಚ್ಚು. ಲೋಕ ಅವರನ್ನು ಸಂಸ್ಥಾಪಕರೆಂದು ಕರೆಯುತ್ತದೆ, ಪಟ ಕಟ್ಟಿಸಿ ತೂಗುಹಾಕುತ್ತದೆ. ಇನ್ನೊಂದು ಬಗೆಯ ಜನ ಇದ್ದಾರೆ, ವಿರಳವಾಗಿ, ಯಾವ ವೃತ್ತಿಯಲ್ಲಾದರೂ ಇರಬಹುದು. ಒಳಗೆ ಕೂತವರು ನಿರ್ಭಯವಾಗಿರಲೆಂದು ಇವರು ಒಂದು ಕೋಣೆ ಕಟ್ಟುತ್ತಾರೆ. ಒಂದು ದಿನ ಅದರ ಬಾಗಿಲು ತಮ್ಮ ಮುಖಕ್ಕೇ ಮುಚ್ಚಿಕೊಂಡಾಗ ತಟ್ಟುವುದಿಲ್ಲ, ದೂರುವುದಿಲ್ಲ. ಚಿಲಕ ಸರಿಯಾಗಿ ಬಿತ್ತೇ ಎಂದು ಹೊರಗಿನಿಂದ ಒಮ್ಮೆ ಒತ್ತಿ ನೋಡಿ, ಸಮಾಧಾನದಿಂದ ಹೊರಟುಹೋಗುತ್ತಾರೆ.